ರೇಸಿಗೆ ಇಳಿದ ಜಟಕಾ

ಹೆಣ್ಣುಮಕ್ಕಳು ಸ್ಕೂಲಿಗೆ ಹೋಗುವುದಾದರೆ ಗಾಡಿಗೆ ಪರದೆ ಕಟ್ಟಿರಬೇಕು ಅನ್ನುತ್ತಿದ್ದ ಕಾಲ. ಸ್ವಾತಂತ್ರ್ಯ ಬಂದು ಆರೇಳು ವರ್ಷವಾಗಿತ್ತು. ನಮ್ಮ ಅಜ್ಜಿಯ ಮಟ್ಟಿಗೆ ಅದಿನ್ನೂ ಮೈಸೂರಿನ ಇಟ್ಟಿಗೆಗೂಡು ಬಡಾವಣೆಯ ನಮ್ಮ ಮನೆಯ ಹೊಸ್ತಿಲು ದಾಟಿರಲಿಲ್ಲ. "ಓದಿ ಏನು ಅಮಲ್ದಾರಿಕೆ ಮಾಡ್ಬೇಕಾ ಇವ್ರು?" ಎಂದು ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಲೇ ಕೇಳುತ್ತಿದ್ದರು. ಸಂತೇಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಅಪ್ಪ ಹೇಗೋ ಅವರನ್ನು ಒಪ್ಪಿಸಿದ್ದರು. ಅಜ್ಜಿ ಹಾಕಿದ ಷರತ್ತು ಒಂದೇ. ಜಟಕಾದಲ್ಲಿ ಹೋಗಬೇಕು, ಜಟಕಾದಲ್ಲೇ ಬರಬೇಕು, ನಡುವೆ ಎಲ್ಲೂ ಕಾಲು ನೆಲಕ್ಕೆ ತಾಗಬಾರದು.

ಹೀಗಾಗಿ ನಮ್ಮ ಬೀದಿಯ ನಾಲ್ವರು ಹುಡುಗಿಯರು ಬುಡೇನ್ ಸಾಬರ ಜಟಕಾದ ಕಾಯಂ ಗಿರಾಕಿಗಳಾದೆವು. ನಾನು, ನನಗಿಂತ ನಾಲ್ಕು ವರ್ಷ ಚಿಕ್ಕವಳಾದ ತಂಗಿ ವಿಮಲ, ಎದುರುಮನೆಯ ಗುಮಾಸ್ತರ ಮಗಳು ಸರೋಜ, ಮತ್ತೆ ಬೀದಿಯ ಕೊನೆಯಲ್ಲಿ ಎಮ್ಮೆ ಕಟ್ಟಿಕೊಂಡು ಹಾಲು ಮಾರುತ್ತಿದ್ದ ಚಿಕ್ಕೇಗೌಡರ ಮಗಳು ಕೆಂಪಮ್ಮ. ಹಾಜರಿ ಕರೆಯುವಾಗ ಕೆಂಪಮ್ಮ, ನಮ್ಮ ಬಾಯಲ್ಲಿ ಕೆಂಪಿ. ನಾನು, ಸರೋಜ, ಕೆಂಪಿ ಮೂವರೂ ಮಿಡ್ಲ್ ಸ್ಕೂಲಿನ ಒಂದೇ ಕ್ಲಾಸು, ಒಂದೇ ಬೆಂಚು. ಲೆಕ್ಕದ ಮೇಡಂ ಬೋರ್ಡಿನ ಮೇಲೆ ಲೆಕ್ಕ ಬರೆದು ಈ ಕಡೆ ತಿರುಗುವುದರೊಳಗೆ ಕೆಂಪಿಯ ಕೈ ಮೇಲಿರುತ್ತಿತ್ತು. ನಾವಿಬ್ಬರೂ ಅವಳ ಸ್ಲೇಟು ನೋಡಿಯೇ ಪಾಸಾಗುತ್ತಿದ್ದೆವು.

ಕೆಂಪಿಯ ಜಾಗ ಜಟಕಾದ ಮುಂದುಗಡೆ, ಸಾಬರ ಬೆನ್ನ ಹಿಂದೆ. ಮನೆಯಿಂದ ಬರುವಾಗ ಒಂದು ಹೊರೆ ಹಸಿ ಹುಲ್ಲು ತಂದು ಅಲ್ಲಿಟ್ಟುಕೊಳ್ಳುತ್ತಿದ್ದಳು. ಕುದುರೆಗೆ ಮಗಳು ಹುಲ್ಲು ತರುವುದು, ಮಗಳನ್ನು ಸಾಬರು ಸ್ಕೂಲಿಗೆ ಬಿಡುವುದು, ಇದು ಗೌಡರಿಗೂ ಸಾಬರಿಗೂ ಆಗಿದ್ದ ಒಪ್ಪಂದ. ಆ ಹಸಿ ಹುಲ್ಲು, ಕುದುರೆಯ ಬೆವರು, ಎಣ್ಣೆ ತಿಂದ ಚರ್ಮದ ಪಟ್ಟಿ, ನಮ್ಮ ಡಬ್ಬಿಗಳ ಚಿತ್ರಾನ್ನ, ಎಲ್ಲ ಸೇರಿದ ಒಂದು ವಾಸನೆ ಪರದೆಯೊಳಗೆ ತುಂಬಿಕೊಂಡಿರುತ್ತಿತ್ತು. ಗಾಡಿ ಕುಲುಕುತ್ತಿದ್ದರೂ ನಾವು ಐದು ಕಲ್ಲಾಟ ಬಿಡುತ್ತಿರಲಿಲ್ಲ. "ಒಸಿ ಮುಂದಕ್ ಬನ್ನಿ ಅಮ್ಮಯ್ಯ, ಹಿಂದ್ಗಡೆ ಭಾರ ಆಯ್ತು" ಎಂದು ಸಾಬರು ಕೂಗಿದರೆ ಕಲ್ಲು ಬಾಚಿಕೊಂಡು ಎಲ್ಲರೂ ಮುಂದಕ್ಕೆ ಜರುಗುವುದು, ಮತ್ತೆ ಹರಡಿಕೊಂಡು ಕೂರುವುದು.

ಆ ವರ್ಷದ ಮಳೆಗಾಲದಲ್ಲಿ ಸಾಬರ ಮುದಿ ಕುದುರೆ ಗುಲಾಬಿ ಹೊಟ್ಟೆಶೂಲೆ ಬಂದು ಸತ್ತುಹೋಯಿತು. ಅದರ ಜಾಗಕ್ಕೆ ಬಂದದ್ದು ನವಾಬ. ಎತ್ತರದ ಕಂದು ಕುದುರೆ, ಹಣೆಯ ಮೇಲೆ ಬಿಳಿ ಪಟ್ಟೆ. ರೇಸಿನಲ್ಲಿ ಕಾಲು ಸೋತ ಕುದುರೆಗಳನ್ನು ಆಗ ಅಗ್ಗಕ್ಕೆ ಮಾರಿಬಿಡುತ್ತಿದ್ದರು. ಮೈಸೂರಿನ ಎಷ್ಟೋ ಜಟಕಾಗಳನ್ನು ಎಳೆಯುತ್ತಿದ್ದುದು ಅಂಥವೇ. ನವಾಬನಿಗೆ ಗುಲಾಬಿಯ ಹಾಗೆ ಜೋಲು ಕಿವಿಯಲ್ಲ. ಒಂದು ಮೋಟಾರಿನ ಹಾರ್ನಿಗೂ ಕಿವಿ ನೆಟ್ಟಗೆ ನಿಮಿರುತ್ತಿತ್ತು, ಬೆನ್ನಿನ ಚರ್ಮ ನಡುಗುತ್ತಿತ್ತು. ಕೆಂಪಿ ಹುಲ್ಲು ಹಿಡಿದರೆ ಮಾತ್ರ ಅವಳ ಅಂಗೈಗೆ ಮೂತಿ ಒತ್ತಿ ಸುಮ್ಮನೆ ನಿಲ್ಲುತ್ತಿತ್ತು.

ನಮ್ಮ ದಾರಿ ರೇಸ್ ಕೋರ್ಸಿನ ಬೇಲಿಯ ಪಕ್ಕದಲ್ಲೇ ಹಾಯುತ್ತಿತ್ತು. ರೇಸ್ ಇದ್ದ ದಿನ ಮಾತ್ರ ಸಾಬರು ಆ ಕಡೆ ತಲೆ ಹಾಕುತ್ತಿರಲಿಲ್ಲ. ದೂರವಾದರೂ ಸರಿ ಎಂದು ಮೃಗಾಲಯದ ಕಡೆಯಿಂದ ಬಳಸಿಕೊಂಡು ಬರುತ್ತಿದ್ದರು. "ಹಳೇದು ನೆನಪಾಗ್ಬಾರ್ದು ಅದ್ಕೆ" ಎನ್ನುತ್ತಿದ್ದರು.

ಆ ಶನಿವಾರ ರೇಸಿನ ದಿನ, ನಮಗೆ ಅರ್ಧ ದಿನ ಸ್ಕೂಲು. ಪದ್ಯ ಬಾಯಿಪಾಠ ಒಪ್ಪಿಸದವರನ್ನು ಮೇಡಂ ನಿಲ್ಲಿಸಿಕೊಂಡಿದ್ದರಿಂದ ಹೊರಡುವಾಗಲೇ ತಡವಾಗಿತ್ತು. ಬಳಸುದಾರಿಗೆ ಬಂದು ನೋಡಿದರೆ ಹಿಂದಿನ ರಾತ್ರಿಯ ಗಾಳಿಮಳೆಗೆ ದೊಡ್ಡದೊಂದು ಮಳೆಮರ ರಸ್ತೆಗೆ ಅಡ್ಡಲಾಗಿ ಬಿದ್ದಿದೆ. ಆಳುಗಳು ಕೊಂಬೆ ಕಡಿಯುತ್ತಿದ್ದರು. ಸಾಬರು ಬಹಳ ಹೊತ್ತು ಗಾಡಿ ನಿಲ್ಲಿಸಿಕೊಂಡು ಕೂತರು. ವಿಮಲ ಹಸಿವು ಎಂದು ರಾಗ ಎಳೆಯತೊಡಗಿದಳು. ಕೊನೆಗೆ ಸಾಬರು ಏನೋ ಗೊಣಗಿಕೊಂಡು ಗಾಡಿ ತಿರುಗಿಸಿದರು.

ರೇಸ್ ಕೋರ್ಸಿನ ಬೇಲಿ ಕಂಡ ತಕ್ಷಣ ಗಾಡಿ ನಿಲ್ಲಿಸಿ ಕೆಳಗಿಳಿದರು. ಹೆಗಲ ಮೇಲಿನ ವಸ್ತ್ರವನ್ನು ನವಾಬನ ಕಿವಿ ಮುಚ್ಚುವ ಹಾಗೆ ಕಟ್ಟಿದರು. ಲಗಾಮನ್ನು ಮುಂದಿನ ಹಲಗೆಯ ಮೇಲಿಟ್ಟು, ಕಡಿವಾಣವನ್ನು ಕೈಯಲ್ಲಿ ಹಿಡಿದು, ಕುದುರೆಯ ಜೊತೆಯಲ್ಲೇ ನಡೆಯತೊಡಗಿದರು. "ಮಾತಾಡ್ಬೇಡಿ ಅಮ್ಮಯ್ಯ. ಯಾರೂ ಅಲ್ಲಾಡ್ಬೇಡಿ" ಎಂದರು.

ನಾವು ಆಟದ ಕಲ್ಲು ಬಾಚಿಕೊಂಡು ಕೂತೆವು. ಪರದೆಯ ಸಂದಿನಿಂದ ನೋಡಿದರೆ ಬೇಲಿಯ ಆಚೆ ಹಸಿರು ಹುಲ್ಲು, ದೂರದಲ್ಲಿ ಬಣ್ಣಬಣ್ಣದ ಛತ್ರಿಗಳು. ಕಡಲೆಕಾಯಿ ಹುರಿಯುವ ವಾಸನೆ ಬರುತ್ತಿತ್ತು. ನವಾಬನ ಹೆಜ್ಜೆ ಚಿಕ್ಕದಾಗುತ್ತಾ, ಅಡ್ಡಡ್ಡ ಬೀಳುತ್ತಾ ಬಂತು. ಸಾಬರು ಅದರ ಕಿವಿಯ ಬಳಿ ಬಾಯಿಟ್ಟು "ಬೇಟಾ, ಬೇಟಾ" ಎನ್ನುತ್ತಲೇ ಇದ್ದರು.

ಆಗ ಗಂಟೆ ಹೊಡೆಯಿತು.

ಅದರ ಹಿಂದೆಯೇ ಸಾವಿರಾರು ಗಂಟಲುಗಳ 'ಹೋ' ಎನ್ನುವ ಕೂಗು. ನೆಲ ಅದುರಿತು. ಬೇಲಿಯ ಆಚೆ ಕುದುರೆಗಳ ಗುಂಪೊಂದು ನಮ್ಮ ಪಕ್ಕದಲ್ಲೇ ಬರುತ್ತಿತ್ತು. ನವಾಬ ಮುಂಗಾಲೆತ್ತಿ ನಿಂತುಬಿಟ್ಟಿತು. ಸಾಬರು ಕಡಿವಾಣಕ್ಕೆ ಜೋತುಬಿದ್ದದ್ದು ಕಂಡಿತು, ಮರುಕ್ಷಣ ಅವರು ಕಾಣಲಿಲ್ಲ. ಗಾಡಿ ಎಗರಿತು. ನಾವು ಮೂವರೂ ಒಬ್ಬರ ಮೇಲೊಬ್ಬರು ಬಿದ್ದು ಹಿಂದಿನ ಕಬ್ಬಿಣದ ಸರಳಿಗೆ ಹೋಗಿ ಬಡಿದೆವು. ಆ ಸರಳು ಇಲ್ಲದಿದ್ದರೆ ಅಲ್ಲಿಗೇ ರಸ್ತೆಯ ಪಾಲು.

ತಲೆಯೆತ್ತಿ ನೋಡಿದರೆ ಮುಂದೆ ಸಾಬರಿಲ್ಲ. ನವಾಬ ಬೇಲಿಯ ಆಚೆಯ ಕುದುರೆಗಳ ಸಮಕ್ಕೆ ಓಡುತ್ತಿತ್ತು. ಕಿವಿಗೆ ಕಟ್ಟಿದ್ದ ವಸ್ತ್ರ ಹಾರಿಹೋಗಿತ್ತು. ನಮ್ಮ ಚೀಲ, ಡಬ್ಬಿ ಎಲ್ಲ ಒಂದೊಂದಾಗಿ ರಸ್ತೆಗೆ ಉದುರಿದವು. ಬೇಲಿಗೆ ಒರಗಿ ನಿಂತಿದ್ದ ಗಂಡಸರು ನಮ್ಮ ಗಾಡಿ ನೋಡಿ ಕೇಕೆ ಹಾಕಿದರು. "ಜಟಕಾ ಮೇಲೆ ಕಟ್ರೋ! ಜಟಕಾ ಗೆಲ್ತದೆ!" ಎಂದು ಯಾವನೋ ಟೋಪಿ ಬೀಸಿದ. ಒಳಗೆ ನಾಲ್ವರು ಮಕ್ಕಳಿದ್ದೇವೆ ಎಂಬುದು ಅವರಿಗೆ ಹೊಳೆಯಲೇ ಇಲ್ಲವೇನೋ.

ಸರೋಜ ಕಣ್ಣು ಮುಚ್ಚಿಕೊಂಡು ಅಮ್ಮನನ್ನು ಕೂಗುತ್ತಿದ್ದಳು. ವಿಮಲ ನನ್ನ ಕುತ್ತಿಗೆಗೆ ಅಮರಿಕೊಂಡಿದ್ದಳು. ಕೆಂಪಿ ಮಾತ್ರ ಮುಂದೆ ಮೊಣಕಾಲೂರಿ ರಸ್ತೆಯನ್ನೇ ನೋಡುತ್ತಿದ್ದಳು. ಎದುರಿಗೆ ರೇಸ್ ಕೋರ್ಸಿನ ಬಾಗಿಲು, ಅಲ್ಲಿ ಕಾರುಗಳ ಸಾಲು. ಅದಕ್ಕೂ ಮುಂಚೆ ಒಂದು ತಿರುವು. ತಿರುವಿನಲ್ಲಿ ಕಲ್ಲು ಕಟ್ಟಡದ ಮೋರಿ.

"ಗಿರಿಜಾ, ನನ್ ಸೊಂಟ ಹಿಡ್ಕೊ" ಎಂದಳು. "ಬುಟ್ಬುಟ್ಟೀಯ ಮತ್ತೆ."

ವಿಮಲಳನ್ನು ಸರೋಜಳ ಮಡಿಲಿಗೆ ದೂಡಿ ನಾನು ತೆವಳಿಕೊಂಡು ಹೋಗಿ ಕೆಂಪಿಯ ಸೊಂಟ ತಬ್ಬಿದೆ. ಅವಳು ಹಲಗೆಯ ಆಚೆಗೆ ಅರ್ಧ ಮೈ ಚಾಚಿದಳು. ಲಗಾಮಿನ ಬಲಗಡೆಯ ಎಳೆ ಕೆಳಕ್ಕೆ ಜಾರಿ ನೆಲದಲ್ಲಿ ಎಳೆದಾಡುತ್ತಿತ್ತು. ಎಡಗಡೆಯದು ದೀಪದ ಕೊಂಡಿಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿ ಅವಳು ಎರಡೂ ಕೈಗೆ ಸುತ್ತಿಕೊಂಡಳು.

"ಎಡಕ್ಕೆ ಕೆಸರೈತೆ. ಅಲ್ಗೇ ಇಳುಸ್ಬುಡ್ತೀನಿ."

ರಸ್ತೆಯ ಎಡಕ್ಕೆ ತಗ್ಗಿನ ಬಯಲು. ಮಳೆ ನೀರು ನಿಂತು ಜೌಗಾಗಿರುತ್ತಿದ್ದ ಜಾಗ. ಚಿಕ್ಕೇಗೌಡರ ಎಮ್ಮೆಗಳು ಅಲ್ಲೇ ಹೊರಳುತ್ತಿದ್ದವು.

"ಬೇಡ ಕಣೇ, ಉರುಳೋಗ್ತೀವಿ!" ಸರೋಜ ಚೀರಿದಳು.

"ಉರುಳುದ್ರೂ ಕೆಸ್ರು ಕಣೇ! ಮುಂದ್ ಕಲ್ಲೈತೆ!"

ಕೆಂಪಿ ಎಳೆದಳು. ಅವಳ ಬೆನ್ನು ಬಿಲ್ಲಿನ ಹಾಗೆ ನನ್ನ ಎದೆಗೆ ಒತ್ತಿತು. ನವಾಬನ ಕುತ್ತಿಗೆ ಎಡಕ್ಕೆ ಬಾಗಿತು, ಆದರೆ ಕಾಲುಗಳು ಮಾತ್ರ ನೇರಕ್ಕೇ ಓಡುತ್ತಿದ್ದವು. ಕೆಂಪಿ ಹಲಗೆಗೆ ಪಾದ ಕೊಟ್ಟು ಇನ್ನೊಮ್ಮೆ ಜಗ್ಗಿದಳು. ನಾನೂ ಅವಳ ಜೊತೆ ಹಿಂದಕ್ಕೆ ವಾಲಿದೆ. ಮೋರಿಯ ಕಲ್ಲುಗಳ ನಡುವೆ ಬೆಳೆದಿದ್ದ ಹುಲ್ಲು ಕಾಣುವಷ್ಟು ಹತ್ತಿರ ಬಂದಿದ್ದೆವು. ಆಗ ಎಡಗಾಲಿ ರಸ್ತೆಯ ಅಂಚಿನಿಂದ ಧಡಕ್ಕನೆ ಇಳಿಯಿತು. ಆಕಾಶ ಒಂದು ಸುತ್ತು ತಿರುಗಿತು. ಬಾಯಿ, ಮೂಗು, ಕಣ್ಣಿಗೆಲ್ಲ ತಣ್ಣನೆಯ ಕೆಸರು ಮೆತ್ತಿತು.

ಎದ್ದು ಕೂತಾಗ ಮೊದಲು ಕೇಳಿಸಿದ್ದು ನವಾಬನ ಉಸಿರು. ಮೊಣಕಾಲವರೆಗೆ ಹೂತು, ಮೈಯೆಲ್ಲ ನೊರೆಯಾಗಿ, ಗಡಗಡ ನಡುಗುತ್ತಾ ನಿಂತಿತ್ತು. ಗಾಡಿ ಮಗ್ಗುಲಾಗಿ ಬಿದ್ದಿತ್ತು. ಸರೋಜ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಬೆಪ್ಪಾಗಿ ನೋಡುತ್ತಿದ್ದಳು. ಮೊಣಕೈಯ ಕೆಳಗೆ ಅದು ಬಾಗಬಾರದ ಕಡೆ ಬಾಗಿತ್ತು. ವಿಮಲ ಎಲ್ಲೂ ಇಲ್ಲ.

"ವಿಮಲಾ!" ಎಂದು ಕೂಗುತ್ತಾ ಎದ್ದೆ. ಕೆಂಪಿ ಆಗಲೇ ಗಾಡಿಯ ಚಾವಣಿಯ ಕೆಳಗೆ ನುಗ್ಗಿ ಹುಲ್ಲು ಕಿತ್ತು ಎಸೆಯುತ್ತಿದ್ದಳು. ನಾನೂ ಬಾಚಿದೆ. ಹುಲ್ಲು, ಗೋಣಿತಾಟು, ಮತ್ತೆ ಹುಲ್ಲು. ಕೊನೆಗೆ ಒಂದು ಜಡೆ ಸಿಕ್ಕಿತು, ಜಡೆಯ ಹಿಂದೆ ವಿಮಲ. ಅವಳ ಬಾಯೊಳಗಿನ ಕೆಸರನ್ನು ಕೆಂಪಿ ಬೆರಳು ಹಾಕಿ ತೆಗೆದಳು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ವಿಮಲ ಕೆಮ್ಮಿದಳು, ಕೆಮ್ಮಿ ಅಳಲು ಶುರುಮಾಡಿದಳು. ಅಷ್ಟು ಹಿತವಾದ ಅಳುವನ್ನು ನಾನು ಆಮೇಲೆ ಕೇಳಿಲ್ಲ.

ಸಾಬರು ಕುಂಟುತ್ತಾ ಓಡಿಬಂದರು. ಹಣೆ ಒಡೆದು ಮುಖವೆಲ್ಲ ರಕ್ತ. ಕುದುರೆಯ ಕಡೆ ಕಣ್ಣೆತ್ತಿಯೂ ನೋಡದೆ ನಮ್ಮ ನಾಲ್ವರ ತಲೆಯನ್ನೂ ಮುಟ್ಟಿಮುಟ್ಟಿ ನೋಡಿದರು. ಕೆಂಪಿಯ ಕೈ ಕಂಡಾಗ ಅಲ್ಲೇ ಕೆಸರಿನಲ್ಲಿ ಕೂತರು. ಲಗಾಮಿನ ಚರ್ಮ ಎರಡೂ ಅಂಗೈಯನ್ನು ಸೀಳಿತ್ತು. ಸಾಬರು ತಮ್ಮ ತಲೆಯ ರುಮಾಲು ಹರಿದು ಕಟ್ಟಿದರು.

ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಎಲ್ಲರೂ ಸೇರಿದರು. ಸರೋಜಳ ತಂದೆ ಮಗಳ ಕೈಗೆ ಕಟ್ಟು ಹಾಕಿಸಿಕೊಂಡು ಆಗತಾನೆ ದೊಡ್ಡಾಸ್ಪತ್ರೆಯಿಂದ ಬಂದಿದ್ದರು. "ಇವನನ್ನ ಪೊಲೀಸಿಗೆ ಒಪ್ಪಿಸ್ತೀನಿ. ಗಾಡಿ ಬಿಟ್ಟು ಕೆಳಗೆ ಯಾಕಯ್ಯ ಇಳಿದಿದ್ದೆ?" ಎಂದು ಸಾಬರ ಮೇಲೆ ಹರಿಹಾಯ್ದರು. ಸಾಬರು ಅಂಗಳದಲ್ಲೇ ಕೈಕಟ್ಟಿ ನಿಂತಿದ್ದರು.

"ಕುದ್ರೆ ಬೆದರ್‌ಬಾರ್ದು ಅಂತ ಇಳಿದ್ರು ಕಣ್ರೀ" ಎಂದದ್ದು ಕೆಂಪಿ. ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು ಚಿಕ್ಕೇಗೌಡರ ಪಕ್ಕ ನಿಂತಿದ್ದಳು. "ಸಾಬ್ರು ಬುಡ್ನಿಲ್ಲ. ಕುದ್ರೇನೇ ತಳ್ತು. ನಾ ನೋಡ್ದೆ."

ಅಪ್ಪ ಸಾಬರಿಗೆ ಹೋಗಲು ಸನ್ನೆ ಮಾಡಿದರು. ಆಗ ಅಜ್ಜಿ ಬಾಯಿ ತೆರೆದರು. "ಆಯ್ತಲ್ಲ. ಸ್ಕೂಲೂ ಬೇಡ, ಜಟಕಾನೂ ಬೇಡ. ಸೋಮವಾರದಿಂದ ಇಬ್ರೂ ಮನೇಲಿರ್ಲಿ."

ಅಪ್ಪ ತಲೆ ತಗ್ಗಿಸಿದರು. ನನಗೆ ಕುದುರೆ ಓಡುವಾಗಲೂ ಅಷ್ಟು ಭಯವಾಗಿರಲಿಲ್ಲ.

"ನಡ್ಕೊಂಡು ಹೋಗ್ತಾರೆ, ಅತ್ತೆ."

ಬಾಗಿಲ ಮರೆಯಿಂದ ಬಂದ ದನಿ ಅಮ್ಮನದು. ಅಜ್ಜಿಯ ಎದುರು ಅಮ್ಮ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಅಂಥಾ ಕೆಸರಿಂದ ಎದ್ದು ಬಂದವ್ರೆ. ರಸ್ತೇಲಿ ನಡೆಯೋಕಾಗಲ್ವ?"

"ಅಂಗಡಿಗೆ ಹೋಗ್ತಾ ನಾನೇ ಬಿಟ್ಟು ಹೋಗ್ತೀನಿ" ಎಂದರು ಅಪ್ಪ, ನೆಲ ನೋಡಿಕೊಂಡೇ. ಅಜ್ಜಿ ಎದ್ದು ಒಳಗೆ ಹೋದರು. "ಹಾಗಾದ್ರೆ ಸರೋಜಾನೂ ಕೈ ವಾಸಿಯಾದ ಮೇಲೆ ನಿಮ್ಮ ಜೊತೇಲೇ ಬರ್ಲಿ" ಎಂದರು ಅವಳ ತಂದೆ.

ನಾನು ಕೆಂಪಿಯ ಕಡೆ ನೋಡಿ ನಕ್ಕೆ. ಅವಳು ನಗಲಿಲ್ಲ.

"ನಮ್ ಕೆಂಪಿ ಬರಲ್ಲ ಕಣ್ ಬುದ್ಧಿ" ಎಂದರು ಚಿಕ್ಕೇಗೌಡರು.

"ಕೈ ವಾಸಿ ಆಗೋವರೆಗೆ ತಾನೆ, ಗೌಡ್ರೆ?" ಅಪ್ಪ ಕೇಳಿದರು.

"ಅಲ್ಲ ಬುಡಿ." ಗೌಡರು ಟವಲಿನಿಂದ ಕತ್ತು ಒರೆಸಿಕೊಂಡರು. "ರೇಸ್ಗೆ ಬಂದಿದ್ ಮಂದಿಯೆಲ್ಲಾ ನೋಡವ್ರೆ. ಸಂಜೆ ಹಾಲ್ ಹಾಕಕ್ಕೋದ್ರೆ ಆಗ್ಲೇ ಕೇಳ್ತಾವ್ರೆ, ನಿನ್ ಮಗ್ಳು ಕುದ್ರೆ ಓಡುಸ್ತಾಳಂತಲ್ಲ ಅಂತ. ನಾಳೀಕ್ ಅವ್ಳಿಗೊಂದ್ ಗಂಡು ನೋಡ್ಬೇಕಲ್ವ? ನಮ್ ಜನ ಒಂಥರಾ, ಬುದ್ಧಿ."

ಅಪ್ಪ ಏನೇನೋ ಹೇಳಿದರು. ಗೌಡರು ಎಲ್ಲಕ್ಕೂ ತಲೆಯಾಡಿಸಿದರು, ಕೊನೆಗೆ ಮಗಳ ಭುಜ ಹಿಡಿದು ಕರೆದುಕೊಂಡು ಹೋದರು. ಸಾಬರ ಪರವಾಗಿ ಅಷ್ಟು ಗಟ್ಟಿಯಾಗಿ ಮಾತಾಡಿದ ಹುಡುಗಿ ತನ್ನ ಪರವಾಗಿ ಒಂದಕ್ಷರ ಆಡಲಿಲ್ಲ.

ಸೋಮವಾರ ನಾನೂ ವಿಮಲಳೂ ಅಪ್ಪನ ಹಿಂದೆ ನಡೆದು ಹೋದೆವು. ಪರದೆಯಿಲ್ಲದೆ ಕಂಡ ಮೈಸೂರು ಅದೇ ಮೊದಲು. ದೊಡ್ಡಕೆರೆ ಮೈದಾನದ ಗಾಳಿ, ಕಬ್ಬಿನ ಹಾಲಿನ ಅಂಗಡಿ, ಉಪ್ಪುಖಾರ ಸವರಿದ ಸೀಬೆಕಾಯಿ. ಸ್ವಲ್ಪ ದಿನದಲ್ಲೇ ಅಪ್ಪನೂ ಜೊತೆಗೆ ಬರುವುದನ್ನು ಬಿಟ್ಟರು. ಬುಡೇನ್ ಸಾಬರು ಸ್ಟೇಷನ್ನಿನ ಕಡೆ ಬೇರೆ ಕುದುರೆ ಕಟ್ಟಿ ಗಾಡಿ ಹೊಡೆಯುತ್ತಿದ್ದರು. ಕಂಡರೆ ನಿಲ್ಲಿಸಿ ಕೆಂಪಿಯನ್ನು ಕೇಳುತ್ತಿದ್ದರು. ಎರಡು ವರ್ಷಕ್ಕೆ ಕೆಂಪಿಯನ್ನು ಬೋಗಾದಿಗೆ ಮದುವೆ ಮಾಡಿಕೊಟ್ಟರು. ಆಗ ಅದು ರಾಗಿ ಹೊಲಗಳ ನಡುವಿನ ಹಳ್ಳಿ.

ಈಚೆಗೆ ರಾಮಕೃಷ್ಣನಗರದ ಸರೋಜಳ ಮನೆಯಲ್ಲಿ ನಾವು ನಾಲ್ವರೂ ಮತ್ತೆ ಸೇರಿದ್ದೆವು. ಸರೋಜ ಬ್ಯಾಂಕಿನಿಂದ, ವಿಮಲ ಕಾಲೇಜಿನಿಂದ, ನಾನು ಹೈಸ್ಕೂಲಿನಿಂದ ನಿವೃತ್ತರಾಗಿ ಎಷ್ಟೋ ಕಾಲವಾಯಿತು. ಕೆಂಪಿ ಮೊಮ್ಮಗಳ ಸ್ಕೂಟರಿನ ಹಿಂದೆ ಕೂತು ಬಂದಳು. ಅವಳ ಬೋಗಾದಿಯಲ್ಲಿ ಈಗ ಹೊಲ ಹುಡುಕಬೇಕು, ಎತ್ತ ನೋಡಿದರೂ ಕಟ್ಟಡ. ಸರೋಜ ಆ ಶನಿವಾರದ ಕತೆ ತೆಗೆದಳು. ತಾನು ಹೆದರಲೇ ಇಲ್ಲ ಎಂದು ಅವಳು ಅನ್ನುವುದು, ನಾವೆಲ್ಲ ಬಿದ್ದುಬಿದ್ದು ನಗುವುದು. ಕೆಂಪಿಯೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಜಟಕಾ ಹೋಯಿತು, ಜೌಗಿನ ಬಯಲು ಹೋಯಿತು, ಪರದೆಯೂ ಹೋಯಿತು, ಹೋದದ್ದು ಒಳ್ಳೆಯದೇ ಎಂದೆಲ್ಲ ನಾವು ಲೆಕ್ಕ ಹಾಕುತ್ತಾ ಕೂತಿದ್ದಾಗ ಕೆಂಪಿ ಕಾಫಿ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಗಿರಿಜಾ, ಒಂದ್ ಕೇಳ್ಬೇಕಾಗಿತ್ತು ಕಣೇ. ನೀನು ಆ ಸೋಮ್ವಾರ ಸ್ಕೂಲ್ಗೋದ್ಯಲ್ಲ, ಅವತ್ತು ಏನ್ ಲೆಕ್ಕ ಹೇಳ್ಕೊಟ್ರು?"

ನಾನು ಯೋಚಿಸಿದೆ. ಅವಳು ಅಷ್ಟು ಆಸೆಯಿಂದ ನೋಡುತ್ತಿದ್ದಳು. ಎಷ್ಟು ಯೋಚಿಸಿದರೂ ಒಂದೂ ನೆನಪಿಗೆ ಬರಲಿಲ್ಲ.