ವೈರಿಲ್ಲದ ಕೀಬೋರ್ಡು

ಕಡಲಾಚೆಯ ಪಾಸಿರ್ ಪಂಜಾಂಗ್ ಬಂದರಿನ ಶಿಪ್ಪಿಂಗ್ ಆಫೀಸೊಂದರಲ್ಲಿ ಗುಮಾಸ್ತನಾಗಿದ್ದ ಉಪೇಂದ್ರನಿಗೆ ಅಸಹ್ಯವಾಗದ ಸಂಗತಿಗಳು ಬಹಳ ಕಡಿಮೆ. ಕ್ಯಾಂಟೀನಿನ ಸ್ಪೀಕರಿನಲ್ಲಿ ಬರುವ ಹೊಸ ಹಾಡು ಕೇಳಿದರೆ ಅನ್ನ ಗಂಟಲಲ್ಲಿ ಇಳಿಯದು. ಕರೋಕೆ ಎಂದರೆ ಮೈಯೆಲ್ಲ ಉರಿ. ಯಾರೋ ನುಡಿಸಿಟ್ಟ ವಾದ್ಯಕ್ಕೆ ಬಾಯಿ ಸೇರಿಸಿ ಚಪ್ಪಾಳೆ ಗಿಟ್ಟಿಸುವುದು ಎಂಜಲೆಲೆಯಲ್ಲಿ ಉಂಡಂತೆ ಎಂದು ಅವನ ಮತ.

ಹೀಗೆ ಮೂಗು ಮುರಿಯಲು ಅವನಿಗೊಂದು ಹಕ್ಕೂ ಇತ್ತು. 1984ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಅವನು ‘ನಿಯಾನ್ ಟ್ರಾಮ್’ ಎಂಬ ನ್ಯೂ ವೇವ್ ಬ್ಯಾಂಡಿನಲ್ಲಿ ಕೀಬೋರ್ಡು ನುಡಿಸುತ್ತಿದ್ದ. ನಾಲ್ವರು ಹುಡುಗರು, ಭುಜ ಅಗಲದ ಕೋಟು, ಕಣ್ಣಿಗೆ ಕಾಡಿಗೆ, ಸತ್ತರೂ ನಗದ ಮುಖ. ಒಂದೇ ಕ್ಯಾಸೆಟ್, ಹದಿನಾಲ್ಕು ತಿಂಗಳ ಆಯುಷ್ಯ. ಅವರ ಹಾಡು ರೇಡಿಯೋದಲ್ಲಿ ಮೂರು ವಾರ ಬಂತು. ಆಮೇಲೆ ಡ್ರಮ್ಮರ್ ಸೈನ್ಯದ ಕಡ್ಡಾಯ ಸೇವೆಗೆ ಹೋಗಿ ತಲೆ ಬೋಳಿಸಿಕೊಂಡ, ಗಾಯಕ ರಘುನಾಥ್ ಸೋಪಿನ ಜಾಹೀರಾತಿಗೆ ಟ್ಯೂನ್ ಮಾಡಲು ಹೋದ, ಅಲ್ಲಿಗೆ ಮಂಗಳ ಹಾಡಿದಂತಾಯಿತು. ಆ ಹಾಡಿನ ನಡುವೆ ಬರುವ ಕೀಬೋರ್ಡಿನ ಸ್ವರವನ್ನು, ಬೇರಾವ ವಾದ್ಯದಲ್ಲೂ ಇಲ್ಲದ ಆ ದನಿಯನ್ನು, ಉಪೇಂದ್ರ ಮೂರು ತಿಂಗಳು ಗುಂಡಿ ತಿರುಗಿಸಿ ತಿರುಗಿಸಿ ಹುಡುಕಿದ್ದ. ಬದುಕಿನಲ್ಲಿ ತಾನೇ ಮಾಡಿದ್ದು ಎನ್ನಲು ಅವನಿಗಿದ್ದದ್ದು ಅದೊಂದೇ.

1995ರ ಒಂದು ಭಾನುವಾರ ರಘುನಾಥ್ ಫೋನ್ ಮಾಡಿದ. “ಕಲ್ಲಾಂಗ್‌ನಲ್ಲಿ ಓಲ್ಡ್ ಬ್ಯಾಂಡ್ಸ್ ಶೋ ಇದೆ ಗುರು. ನಮ್ದೂ ಒಂದು ಸಾಂಗ್. ಎಲ್ಲಾ ಟೇಪಿಂದಾನೇ ಪ್ಲೇ ಮಾಡ್ತೀವಿ. ನೀನು ಸುಮ್ನೆ ನಿಂತು ಕೈ ಆಡ್ಸು.”

“ಥೂ! ಆ ನಾಟಕಕ್ಕೆ ನಾನು ಬರಲ್ಲ. ಲೈವ್ ನುಡಿಸ್ತೀನಿ.”

“ಅದೇ ಸೌಂಡ್ ಬಂದ್ರೆ ನುಡಿಸು. ಬರ್ಲಿಲ್ಲ ಅಂದ್ರೆ ಟೇಪು.”

ಉಪೇಂದ್ರ ಮಂಚದಡಿಯಿಂದ ಕೀಬೋರ್ಡು ಎಳೆದ. ಒಳಗಿನ ಬ್ಯಾಟರಿ ಸತ್ತು, ಕೂಡಿಟ್ಟ ಸ್ವರಗಳೆಲ್ಲ ಅಳಿಸಿಹೋಗಿದ್ದವು. ಅವನು ಹೆದರಲಿಲ್ಲ. ಆ ಕಾಲದಲ್ಲಿ ಇಂಥ ಸ್ವರಗಳನ್ನು ಒಂದು ಕ್ಯಾಸೆಟ್ಟಿಗೆ ಇಳಿಸಿಡುವ ರೂಢಿಯಿತ್ತು. ಟೇಪ್ ರೆಕಾರ್ಡರಿನಲ್ಲಿ ಕೇಳಿದರೆ ಬರೀ ಕಿರ್ರೆಂಬ ಸದ್ದು; ಕೀಬೋರ್ಡಿಗೆ ಜೋಡಿಸಿದರೆ ಸ್ವರ ವಾಪಸ್. ಕಪಾಟಿನಲ್ಲಿ ಡಬ್ಬಿ ಸಿಕ್ಕಿತು, ಒಳಗೆ ಕ್ಯಾಸೆಟ್ ಇರಲಿಲ್ಲ.

“ಆ ಕಿರಿಕಿರಿ ಕ್ಯಾಸೆಟ್ಟಾ?” ಎಂದರು ಅಕ್ಕಿ ಆರಿಸುತ್ತಿದ್ದ ತಾಯಿ ಅಮ್ಮಣ್ಣಿ. “ಹಾಳಾದದ್ದು ಅಂತ ಗ್ರಹಿಸಿದೆ ಮಾರಾಯ. ಅದರಲ್ಲೇ ಮಾತಾಡಿ ಕಾಪುವಿಗೆ, ನಿನ್ನ ಚಿಕ್ಕಮ್ಮನಿಗೆ ಕಳಿಸಿ ಎಂಟು ವರ್ಷ ಆಯ್ತಲ್ಲ.”

ಓದು ಬಾರದ ತಂಗಿಗೆ ಅಮ್ಮಣ್ಣಿ ಕಾಗದ ಬರೆಯುತ್ತಿರಲಿಲ್ಲ. ಕ್ಯಾಸೆಟ್ ತುಂಬ ಮಾತಾಡಿ, ಊರಿಗೆ ಹೋಗುವವರ ಕೈಯಲ್ಲಿ ಕೊಡುತ್ತಿದ್ದರು. ಮೂರು ತಿಂಗಳ ಸ್ವರದ ಮೇಲೆ ಮಂಡಿನೋವು, ಮೀನಿನ ರೇಟು, ಯಾರದೋ ಸೀಮಂತ ಕೂತುಬಿಟ್ಟಿದ್ದವು. ತಾಯಿಯನ್ನು ಬೈಯಲಾರದೆ ಉಪೇಂದ್ರ ಗೋಡೆಯನ್ನು ಬೈದ.

ಒಂದು ವಾರ ಶಿಫ್ಟ್ ಮುಗಿಸಿ ಬಂದು ಗುಂಡಿ ತಿರುಗಿಸಿದ. ಹತ್ತಿರ ಹತ್ತಿರ ಬಂತು, ಅದೇ ಬರಲಿಲ್ಲ. ರಿಹರ್ಸಲ್‌ನಲ್ಲಿ ಕೇಳಿದ ರಘುನಾಥ್ ತಲೆಯಾಡಿಸಿ “ಟೇಪು” ಎಂದ. ಆಗಲೇ ಎದ್ದು ಬರಬಹುದಿತ್ತು. ಬರಲಿಲ್ಲ. ವೇದಿಕೆಯ ಆಸೆ ನಾಯಿಬಾಲ, ಡೊಂಕು ಬಿಡುವುದಿಲ್ಲ. ಹೇಗೋ ತನ್ನ ಸ್ವರ ನಾಲ್ಕು ಜನರ ಕಿವಿಗೆ ಬೀಳುತ್ತದಲ್ಲ ಎಂದು ಸಮಾಧಾನ ಹೇಳಿಕೊಂಡ. ಆ ಸಮಾಧಾನವೂ ಹೇಸಿಗೆಯೆನಿಸಿತು.

ಶೋ ದಿನ ಕೀಬೋರ್ಡಿಗೆ ವೈರು ಕೂಡ ಚುಚ್ಚಿರಲಿಲ್ಲ. ಬೊಜ್ಜು ಬಂದ ರಘುನಾಥ್ ಗುಂಡಿ ಹಾಕಲಾಗದ ಹಳೆಯ ಕೋಟಿನಲ್ಲಿ ಬಾಯಿ ಆಡಿಸುತ್ತಿದ್ದ. ನಡುವೆ ಆ ಸ್ವರ ಬಂತು. ನುಡಿಸಿದವನು ಇಪ್ಪತ್ತೆರಡರ ಹುಡುಗ. ಈಗ ಬೆರಳು ಕುಣಿಸುತ್ತಿರುವವನು ಮೂವತ್ತಮೂರರ ಗುಮಾಸ್ತ. ಈ ಮೋಸ ಎಲ್ಲರಿಗೂ ಗೊತ್ತಾಗಿಬಿಡಲಿ ಎಂದು ಉಪೇಂದ್ರ ಎರಡೂ ಕೈ ಎತ್ತಿ, ಎದೆಗೆ ಕಟ್ಟಿ, ಮುಖ ಗಂಟಿಕ್ಕಿ ನಿಂತ. ಸ್ವರ ತನ್ನ ಪಾಡಿಗೆ ಹರಿಯುತ್ತಲೇ ಇತ್ತು.

ಸಭೆಯಲ್ಲಿ ಸೀಟಿಯೋ ಸೀಟಿ. ಜನ ಎದ್ದು, ಅವನ ಹಾಗೆಯೇ ಕೈಕಟ್ಟಿ, ಮುಖ ಬಿಗಿದು, ಇನ್ನೊಮ್ಮೆ ಇನ್ನೊಮ್ಮೆ ಎಂದು ಕೂಗಿದರು.

ತೆರೆಯ ಹಿಂದೆ ರಘುನಾಥ್ ಬಂದು ತಬ್ಬಿಕೊಂಡ. “ಏನ್ ಸ್ಟೈಲ್ ಗುರು! ಪಕ್ಕಾ ಎಂಬತ್ನಾಲ್ಕು! ನೆಕ್ಸ್ಟ್ ಶೋನಲ್ಲೂ ಹಾಗೇ ನಿಂತ್ಕೋ. ಕೀಬೋರ್ಡ್ ತರೋದೂ ಬೇಡ.”

ಉಪೇಂದ್ರನ ಬಾಯಿ ತುಂಬ ಉಗುಳು ತುಂಬಿತು. ಹೊರಗೆ ಬಂದು ಉಗಿಯೋಣವೆಂದರೆ ಈ ಊರಿನಲ್ಲಿ ಅದಕ್ಕೂ ದಂಡ. ನುಂಗಿಕೊಂಡು ಬಸ್‌ಸ್ಟಾಪಿನ ಕಡೆ ನಡೆದ.