ರಾಹೇಲವ್ವನ ಕುರ್ರ್

ಡಿಸೆಂಬರಿನ ಒಂದು ಸಂಜೆ ರಾಹೇಲವ್ವ, ‘ನಾಳಿ ಚರ್ಚಿಗೆ ಬಾರೋ, ಗ್ವಾದಲಿ ಕಟ್ಟೂದೈತಿ’ ಎಂದಾಗ ಚರ್ಚಿನವರು ಎಮ್ಮೆ ತಂದಿದ್ದಾರೆಂದೇ ತಿಳಿದೆ. ಕನಮಡಿಯ ಒಕ್ಕಲುತನದ ಮನೆಯವನಿಗೆ ಗೋದಲಿ ಎಂದರೆ ದನ ಮೇವು ತಿನ್ನುವ ಜಾಗ, ಇನ್ನೇನು ಹೊಳೆದೀತು? ಮರುದಿನ ಕೆಲಸಕ್ಕೆ ಹೋಗಿದ್ದ ತಿಕೋಟಾದಿಂದ ಬೈಕಿನ ಹಿಂದೆ ಒಂದು ಹೊರೆ ಜೋಳದ ಕಣಿಕಿ ಹೇರಿಕೊಂಡು ಹೋಗಿ ನಿಂತೆ. ಅಲ್ಲಿ ಕಟ್ಟುತ್ತಿದ್ದದ್ದು ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಮನೆ. ಒಳಗೆ ಅಂಗೈಯಷ್ಟು ಮಣ್ಣಿನ ಹಸುಗಳು.

‘ಸಾವಕಾಶ ತಿಂತಾವ, ಇಳಸು’ ಎಂದಳು ರಾಹೇಲವ್ವ.

ವಿಜಯಪುರದ ಅಥಣಿ ರಸ್ತೆಯಲ್ಲಿ ಅವಳ ಮನೆಯ ಹಿಂದಿನ ಖೋಲಿಯಲ್ಲಿ ನನ್ನ ಬಾಡಿಗೆ ವಾಸ. ದ್ರಾಕ್ಷಿ ತೋಟಗಳಿಗೆ ಔಷಧ ಮಾರುವ ಅಂಗಡಿಯಲ್ಲಿ ನಾನು ‘ಕ್ಷೇತ್ರ ಅಧಿಕಾರಿ’. ಡಬ್ಬಿ ಹೊರುವವನೂ ನಾನೇ. ರಾಹೇಲವ್ವ ಬಬಲೇಶ್ವರದ ಮಗಳು, ತಿಕೋಟಾದ ಸೊಸೆ. ಗಂಡ ತೀರಿದ ಮೇಲೆ ಶಹರಕ್ಕೆ ಬಂದು, ಖಾನಾವಳಿಗಳಿಗೆ ರೊಟ್ಟಿ ಬಡಿದು ಬದುಕಿದವಳು.

ಕ್ರಿಸ್‌ಮಸ್ ಬೆಳಿಗ್ಗೆ ಪ್ರಾರ್ಥನೆ ಮುಗಿದೊಡನೆ ಅವಳು ಗೋದಲಿಯ ಪಕ್ಕ ತೊಟ್ಟಿಲು ಕಟ್ಟುತ್ತಾಳೆ. ಬೊಂಬೆಯ ತಲೆಗೆ ಕುಂಚಿಗೆ ತೊಡಿಸಿ ಮಲಗಿಸುತ್ತಾಳೆ. ನಮ್ಮ ಕಡೆ ಹೆಸರಿಡುವಾಗ ಸೋದರತ್ತೆ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಬೇಕು, ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ರಾಹೇಲವ್ವ ‘ಕುರ್ರ್, ಯೇಸಪ್ಪಾ’ ಎನ್ನುತ್ತಾಳೆ, ಗುದ್ದು ತಿನ್ನುತ್ತಾಳೆ, ಕಡಲೆ ಗುಗ್ಗರಿ ಹಂಚುತ್ತಾಳೆ. ತಿಕೋಟಾದಲ್ಲಿ ಅವಳ ಅತ್ತೆ ಹೀಗೇ ಮಾಡುತ್ತಿದ್ದಳು. ಸಾಯುವ ಮುಂಚೆ ತೊಟ್ಟಿಲನ್ನು ಸೊಸೆಯ ಕೈಗಿತ್ತಳು.

ಹೋದ ವರ್ಷ ಚರ್ಚಿನ ಕಮಿಟಿಗೆ ಚಂದ್ರಕಾಂತ ಸರ್ ಬಂದರು. ಹಬ್ಬಕ್ಕೆ ಹೊರಗಿನಿಂದ ಅತಿಥಿಗಳು ಬರುವವರಿದ್ದರು.

‘ಈ ಸಲ ತೊಟ್ಟಿಲ ಬ್ಯಾಡ, ರಾಹೇಲವ್ವ. ಹಳ್ಳಿ ಪದ್ಧತಿ ಅದು. ಕೇಕ್ ಕೊಯ್ಯೂಣು.’

‘ಗೋವಾದ ನರ್ಸಬಾಯಿ ಬೆಬಿಂಕಾ ಅಂತ ಸಿಹಿ ತಂದ್ರ ನಕ್ಕೋತ ತಿಂತೀರಿ. ಕೇರಳದವ್ರು ಮನಿ ಮನಿ ತಿರಗಿ ಹಾಡಿದ್ರ ಚಪ್ಪಾಳಿ ಹೊಡೀತೀರಿ. ಅವ್ರದಾದ್ರ ಹಬ್ಬ, ನಮ್ದಾದ್ರ ಹಳ್ಳಿ ಏನ್ರಿ?’

‘ನೀ ಕಟ್ಟಿದ್ರ ನಾ ಬಿಚ್ಚಸ್ತೀನಿ.’

ಎರಡೂ ಕಡೆಯವರಿಗೆ ಒಳ್ಳೆಯವನಾಗುವ ಚಟ ನನಗೆ. ‘ಈ ಸಲ ಮನ್ಯಾಗ ಮಾಡೂಣ ಬಿಡಬೇ’ ಎಂದೆ.

‘ಕೂಸು ಇಲ್ಲಿ ಹುಟ್ಟತೈತಿ, ಹೆಸರು ನಿನ್ನ ಖೋಲ್ಯಾಗ ಇಡೂಣೇನು? ಸುಮ್ಮನ ಕುಂಡ್ರಲೇ.’

ಕ್ರಿಸ್‌ಮಸ್ ಬಂತು. ಅತಿಥಿಗಳು ಕುರ್ಚಿಯಲ್ಲಿದ್ದರು, ಕೇಕ್ ಮೇಜಿನ ಮೇಲಿತ್ತು. ಯಾರನ್ನೂ ಕೇಳದೆ ರಾಹೇಲವ್ವ ತೊಟ್ಟಿಲು ಕಟ್ಟಿಯೇಬಿಟ್ಟಳು. ಹೆಂಗಸರು ಅವಳ ಹಿಂದೆ ಮುಷ್ಟಿ ಬಿಗಿದು ನಿಂತರು. ಅಷ್ಟರಲ್ಲಿ ಚಂದ್ರಕಾಂತ ಸರ್ ಬಂದು ತೊಟ್ಟಿಲ ಹಗ್ಗಕ್ಕೆ ಕೈ ಹಾಕಿದರು. ಬಿಚ್ಚಲು ಅತಿಥಿಗಳ ಎದುರು ಸಂಕೋಚ. ಅದಕ್ಕೇ ಎಲ್ಲರಿಗೂ ಕೇಳುವಂತೆ ಪ್ರಶ್ನೆ ಹಾಕಿದರು:

‘ಸೋದರತ್ತಿ ಅಂದ್ರ ತಂದಿ ತಂಗಿ. ಈ ಕೂಸಿನ ತಂದಿ ದೇವ್ರು. ಅಂದ್ರ ನೀ ದೇವ್ರ ತಂಗಿ ಏನು, ರಾಹೇಲವ್ವ?’

ರಾಹೇಲವ್ವ ಹಗ್ಗದಿಂದ ಅವರ ಕೈ ಸರಿಸಿದಳು.

‘ಹೌದ್ರಿ. ಅಣ್ಣನ ಮನಿ ಕಾರ್ಯ ಅಂತ ಬಂದೀನಿ. ನೀವು ಯಾರ ಕಡಿಯವ್ರು?’