ಕೆಮ್ಮಣ್ಣಿನ ದಾರ

ಅವಳ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕೆಮ್ಮಣ್ಣು ಮೆತ್ತಿತ್ತು. ಪಾಂಡವಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯ ಒಂದೇ ಹುದ್ದೆ, ಎಂ.ಎ.ಯಲ್ಲಿ ಜೊತೆಗೆ ಓದಿದ ನಾನೂ ಅವಳೂ ಅದಕ್ಕಾಗಿ ಮಾದರಿ ಪಾಠ ಮಾಡಬೇಕಿತ್ತು. ವಿಷಯ, ಸಂವಿಧಾನದ ರಾಜ್ಯನೀತಿ ನಿರ್ದೇಶಕ ತತ್ವಗಳು. ನಾನು ಒಂದೊಂದು ವಿಧಿಯನ್ನೂ ತಪ್ಪಿಲ್ಲದೆ ವಿವರಿಸಿದೆ. ಮಕ್ಕಳು ಸುಮ್ಮನೆ ಬರೆದುಕೊಂಡರು.

ಬಡಗಿಗಳು ಮರ ಕುಯ್ಯುವ ಮೊದಲು ಗೆರೆ ಹಾಕಲು ಬಳಸುವ, ಕೆಮ್ಮಣ್ಣಿನಲ್ಲಿ ಅದ್ದಿದ ದಾರವನ್ನು ಅವಳು ತಂದಿದ್ದಳು. ಹುಡುಗಿಯೊಬ್ಬಳ ಕೈಗೆ ಒಂದು ತುದಿ ಕೊಟ್ಟು, ಕರಿಹಲಗೆಯ ಮೇಲೆ ಬಿಗಿಯಾಗಿ ಎಳೆದು ಮೀಟಿದಳು. ನೇರವಾದ ಗೆರೆ ಮೂಡಿತು.

"ಈ ಗೆರೆ ಮರ ಕುಯ್ಯಲ್ಲ. ಗರಗಸ ಗೆರೆ ಬಿಟ್ಟು ಹೋದ್ರೆ ಕೋರ್ಟಿಗೆ ಹೋಗಕ್ಕೂ ಆಗಲ್ಲ. ಆದ್ರೆ ಗೆರೆನೇ ಇಲ್ದೆ ಕುಯ್ದ್ರೆ ಬಾಗಿಲು ಸೊಟ್ಟ. ಸರ್ಕಾರಕ್ಕೆ ಈ ತತ್ವಗಳೂ ಅಂಗೇ ಕಣ್ರಮ್ಮ."

ತರಗತಿ ನಕ್ಕಿತು. ಕೆಲಸ ಅವಳಿಗಾಯಿತು.

ಬಡಗಿಯ ಮಗಳು ನಾನು. ಚಿಕ್ಕಂದಿನಿಂದ ಅಪ್ಪನ ಎದುರು ಕೂತು ಆ ದಾರದ ಇನ್ನೊಂದು ತುದಿ ಹಿಡಿದವಳು. ಅವಳು ನಾಗಮಂಗಲದ ನಮ್ಮ ಮನೆಗೆ ಊಟಕ್ಕೆ ಬಂದಾಗ ಅದನ್ನು ನೋಡಿದ್ದಳು, ಅಷ್ಟೆ. ಕೆಲಸ ಕೈತಪ್ಪಿದ್ದಕ್ಕಿಂತ ಆ ದಾರಕ್ಕೇ ನನಗೆ ಹೆಚ್ಚು ಹೊಟ್ಟೆ ಉರಿಯಿತು.

ದಾರ ಅವಳ ಕೈಗೆ ಹೇಗೆ ಹೋಯಿತೆಂದು ಸಂಜೆ ಅಪ್ಪನನ್ನು ಕೇಳಿದೆ.

"ಆ ಮಗ ಕೇಳ್ತು, ಕೊಟ್ಟೆ ಕಣವ್ವ. ನೀನ್ ಕೇಳಿದ್ರೆ ಬ್ಯಾಡ ಅಂತಿದ್ನಾ?" ಎಂದರು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಬಿಂಡಿಗನವಿಲೆಯ ಅವಳ ಮನೆಗೆ ಹೋದೆ.

"ಒಂದ್ ದಾರಕ್ಕೆ ಬಸ್ ಹತ್ಕಂಡ್ ಬಂದ್ಬುಟ್ಯೇನೆ?" ಎಂದು ಅವಳು ನಕ್ಕಳು.

ಹೌದು ಎಂದೆ. ಕಾಫಿ ಬೇಡವೆಂದು ದಾರವನ್ನು ಈಸಿಕೊಂಡು ಬಂದೆ.